ಟಾಂಕಿ ಮುಚ್ಚಳದ ಮೇಲಿನ ಕಬ್ಬಿಣ

ಮೊಯ್ದಿನಾಕ ಸೊಸೆಯೊಡನೆ ಮಾತು ಬಿಟ್ಟು ಎರಡು ವಾರ ಕಳೆದಿತ್ತು. ಹಾಗೆಂದು ಆ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ಸೊಸೆ ಶಾಹಿನಾ ಎದುರಿಗೇ ಕೂತು ಖುಬೂಸ್ ರೊಟ್ಟಿ ಹರಿಯುತ್ತಿದ್ದರೂ ಅವರು ಏಳು ವರ್ಷದ ಮೊಮ್ಮಗಳ ಕಡೆ ತಿರುಗಿ, "ನಹ್ಲಾ, ನಿನ್ನ ಉಮ್ಮನಿಗೆ ಹೇಳು, ಸಾರಿಗೆ ಉಪ್ಪು ಇಲ್ಲ" ಎನ್ನುತ್ತಿದ್ದರು. ನಹ್ಲಾ ತಾಯಿಯ ಕಡೆ ತಿರುಗಿ, "ಉಮ್ಮಾ, ಸಾಲ್ಟ್ ಇಲ್ವಂತೆ" ಎಂದು ಒಪ್ಪಿಸುತ್ತಿದ್ದಳು. ಶಾಹಿನಾ ಉಪ್ಪಿನ ಡಬ್ಬಿಯನ್ನು ತಂದು ಮಾವನ ಬಟ್ಟಲಿನ ಪಕ್ಕದಲ್ಲಿ ಕುಕ್ಕುತ್ತಿದ್ದಳು. ಅಲ್ಲಿಗೆ ಒಂದು ಸಂಭಾಷಣೆ ಮುಗಿಯುತ್ತಿತ್ತು.

ಜಗಳದ ಬೇರು ಅಂಗಳದಲ್ಲಿ ನಿಂತಿತ್ತು. ಬಿಳಿ ಬಣ್ಣದ ಹಳೇ ಜಿಎಂಸಿ ಪಿಕಪ್, ಅದರ ಹಿಂಬದಿಯ ಗಿಡ್ಡ ಬಾಡಿಯ ನಟ್ಟನಡುವೆ ಕಾಲೂರಿ ಕೂತ ನೂರು ಕಿಲೋದ ಕಬ್ಬಿಣ. ಟ್ರೇಲರಿನ ಮೂತಿಯನ್ನು ಕಚ್ಚಿ ಹಿಡಿಯುವುದು ಅದರ ಕೆಲಸ. ಡ್ರೈವರುಗಳು ಅದನ್ನು ಫಿಫ್ತ್ ವೀಲ್ ಹಿಚ್ ಅನ್ನುತ್ತಾರೆ, ಈ ಮನೆಯಲ್ಲಿ ಬರೀ ಹಿಚ್ ಅನ್ನುತ್ತಿದ್ದರು. ಎಂಟು ವರ್ಷ ಮೊಯ್ದಿನಾಕ ಅದಕ್ಕೆ ಕಫೀಲನ, ಅಂದರೆ ವೀಸಾ ಕೊಟ್ಟ ಅರಬಿ ಧಣಿಯ, ಟ್ರೇಲರ್ ಕಚ್ಚಿಸಿಕೊಂಡು ಕತಾರಿನ ಉದ್ದಗಲ ಪೈಪು, ಕಂಬಿ ಎಳೆದವರು. ಕೊನೆಯ ನಾಲ್ಕು ವರ್ಷ ರಾಸ್ ಲಫಾನ್ ಬಂದರಿನ ಕೆಲಸ. ಅಲ್ಲಿಯ ಗೇಟ್ ಪಾಸ್ ಅವಧಿ ಮುಗಿದ ಮೇಲೂ ಪಿಕಪ್ಪಿನ ಕನ್ನಡಿಗೆ ತೂಗುತ್ತಲೇ ಇತ್ತು. ಜುಲೈಯಲ್ಲಿ ಕೆಲಸ ಮುಗಿಯಿತು, ಕಫೀಲ್ ಟ್ರೇಲರನ್ನು ತನ್ನ ಯಾರ್ಡಿಗೆ ತರಿಸಿಕೊಂಡ. ಹೊಸ ಕೆಲಸ ಬಂದ ಕೂಡಲೇ ಕರೆಯುತ್ತಾರೆಂದು ಮೊಯ್ದಿನಾಕ ಮನೆಯಲ್ಲಿ ಹೇಳಿದರು. ಸೆಪ್ಟೆಂಬರ್ ಬಂದರೂ ಯಾರೂ ಕರೆಯಲಿಲ್ಲ. ಆದರೂ ಪ್ರತಿ ಶುಕ್ರವಾರ ಬೆಳಿಗ್ಗೆ ಹಿಚ್‌ಗೆ ಗ್ರೀಸ್ ಹಚ್ಚುವುದು ತಪ್ಪಲಿಲ್ಲ. ತಮ್ಮ ಮೊಣಕಾಲಿಗೆ ಮುಲಾಮು ಹಚ್ಚಲು ಹೆಂಡತಿಯನ್ನು ಕೂಗುವ ಮನುಷ್ಯ ಕಬ್ಬಿಣಕ್ಕೆ ಮಾತ್ರ ತಾವೇ ಕೈಯಾರೆ ಹಚ್ಚುತ್ತಿದ್ದರು.

ಆ ಪಿಕಪ್ಪಿನ ಬಾಡಿ ಶಾಹಿನಾಳಿಗೆ ಬೇಕಾಗಿತ್ತು. ಸುಮ್ಮನೆ ಅಲ್ಲ, ಅದು ಸಿಗದಿದ್ದರೆ ಅವಳು ಊರಿಗೆ ಹೋಗಬೇಕಾಗಿತ್ತು.

ಅವಳ ಗಂಡ ಮುಸ್ತಫಾ ಓಲ್ಡ್ ಏರ್‌ಪೋರ್ಟ್ ಕಡೆ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಟೋರ್‌ಕೀಪರ್. ಆಗಸ್ಟಿನಲ್ಲಿ ಅಂಗಡಿಯವರು ಮನೆ ಬಾಡಿಗೆಯ ಅಲೋಯೆನ್ಸ್ ನಿಲ್ಲಿಸಿದರು. ಅದೇ ವಾರದ ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮೊಯ್ದಿನಾಕ ಹಮೂರ್ ಮೀನಿನ ತಲೆ ಚೀಪುತ್ತಾ ತೀರ್ಪು ಕೊಟ್ಟರು. ಶಾಲೆಯ ವರ್ಷ ಮುಗಿಯಲಿ, ಶಾಹಿನಾ ಮತ್ತು ನಹ್ಲಾ ಊರಿಗೆ ಹೋಗಲಿ, ಗಂಡಸರು ಹೇಗಾದರೂ ಬದುಕುತ್ತೇವೆ. ಮುಸ್ತಫಾ ತಟ್ಟೆ ನೋಡುತ್ತಿದ್ದ. ತಟ್ಟೆ ನೋಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಶಾಹಿನಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮದುವೆಯಾಗಿ ಎಂಟು ವರ್ಷ, ಅದರಲ್ಲಿ ಆರು ವರ್ಷ ಅವಳು ಉಪ್ಪಿನಂಗಡಿಯಲ್ಲಿ ಕಾಗದದ ಮೇಲೆ ಸಂಸಾರ ಮಾಡಿದವಳು. ನಹ್ಲಾಳಿಗೆ ಅವಳ ಉಪ್ಪ, ಅಂದರೆ ಅಪ್ಪ, ವರ್ಷಕ್ಕೊಮ್ಮೆ ಸೂಟ್‌ಕೇಸ್ ಹಿಡಿದು ಬರುವ ಮಾಮನ ಹಾಗಿದ್ದ. ಈಗ ಎರಡು ವರ್ಷದಿಂದ ಮಗು ಸಂಜೆ ಅವನ ಬೆನ್ನು ಹತ್ತಿ ಕೂತುಕೊಳ್ಳುತ್ತದೆ. ಅದನ್ನು ಬಿಟ್ಟು ಹೋಗುವುದಿಲ್ಲವೆಂದು ಶಾಹಿನಾ ಆ ಊಟದ ಮುಂದೆಯೇ ಮನಸ್ಸಿನಲ್ಲಿ ಆಣೆ ಹಾಕಿಕೊಂಡಳು.

ದಾರಿ ತೋರಿಸಿದವರು ಥಿಯೋಡೋರ್. ಮೆಸಯೀದಿನ ಒಂದು ಪೈಪ್ ಯಾರ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದ ಮಂಗಳೂರಿನವರು, ಮುಸ್ತಫಾನ ಗೆಳೆಯ. ಬಕ್ರೀದಿಗೆ ಇವರ ಮನೆಯಲ್ಲಿ ಉಂಡು ಹೋದವರು ಆ ರುಚಿಯನ್ನು ಮರೆತಿರಲಿಲ್ಲ. ಅವರ ಕ್ಯಾಂಪಿನಲ್ಲಿ ಕರಾವಳಿಯ ನಲವತ್ತು ಜನ, ಮೆಸ್ಸಿನ ಅನ್ನ ನೋಡಿದರೆ ಅವರಿಗೆ ಹಸಿವೇ ಸಾಯುತ್ತಿತ್ತು. ಅಕ್ಟೋಬರ್ ಮೊದಲ ಶನಿವಾರದಿಂದ ದಿನಾ ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ ತಲುಪಿಸಲು ಆಗುತ್ತದಾ ಎಂದು ಅವರು ಕೇಳಿದರು. ಒಂದು ದಿನ ಊಟ ಬಾರದಿದ್ದರೂ ಮರುದಿನದಿಂದ ಹಳೇ ಮೆಸ್ಸೇ ಗತಿ, ಮೇಲಿನವರಿಗೆ ತಾನು ಜವಾಬು ಕೊಡಬೇಕು ಎಂದೂ ಹೇಳಿದರು. ಶಾಹಿನಾ ಆಗುತ್ತದೆ ಅಂದಳು. ಮನೆ ಬಾಡಿಗೆ ಅದರಲ್ಲಿ ಹುಟ್ಟುತ್ತಿತ್ತು, ಊರಿಗೆ ಹೋಗುವ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ನಲವತ್ತು ಜನರ ಅನ್ನದ ಪಾತ್ರೆ ಹಿಚ್‌ನ ಅಕ್ಕಪಕ್ಕದಲ್ಲಿ ಕೂರಲಿಲ್ಲ. ಅಳೆದು ನೋಡಲು ಖಾಲಿ ಪಾತ್ರೆ ಇಟ್ಟರೆ ಅದು ವಾಲಿ ನಿಂತಿತು, ಮುಚ್ಚಳಕ್ಕೆ ಬೆರಳು ದಪ್ಪ ಕಪ್ಪು ಗ್ರೀಸ್ ಮೆತ್ತಿತು. ಶಾಹಿನಾ ಮಾವನನ್ನು ಮರ್ಯಾದೆಯಿಂದಲೇ ಕೇಳಿದಳು.

"ಮಾಮ, ಅದನ್ನು ಸ್ವಲ್ಪ ದಿವಸ ಇಳಿಸಿ ಇಡ್ಲಿಕ್ಕೆ ಆಗ್ತದಾ?"

"ಅದು ಟ್ರೇಲರ್ ಎಳಿಯುವ ಗಾಡಿ. ಅನ್ನ ಹೊರುವ ಗಾಡಿ ಅಲ್ಲ."

"ಟ್ರೇಲರ್ ಎಲ್ಲುಂಟು?"

"ನಾಳೆ ಕರೆದ್ರೆ? ಹಿಚ್ ಇಲ್ಲದ ಗಾಡಿ ತಕ್ಕೊಂಡು ಹೋಗಿ ಕಫೀಲನ ಎದುರು ನಿಲ್ಲುದಾ ನಾನು?"

"ಮೂರು ತಿಂಗಳಿಂದ ಯಾರೂ ಕರೀಲಿಲ್ಲ. ಮತ್ತೆ ಅದು ಎಂತಕ್ಕೆ ಮಾಮ, ಚಂದಕ್ಕಾ?"

ಕೊನೆಯ ಮಾತು ಅವಳು ಆಡಬಾರದಿತ್ತು. ಮೊಯ್ದಿನಾಕ ಚಹಾದ ಗ್ಲಾಸನ್ನು ಅರ್ಧದಲ್ಲೇ ಕೆಳಗಿಟ್ಟು ಎದ್ದುಹೋದರು. ಸೊಸೆಯೊಡನೆ ಅವರ ಮಾತು ಅಂದಿಗೆ ನಿಂತಿತು. ಅತ್ತೆ ನಫೀಸಾ ಅಡುಗೆಮನೆಯಲ್ಲಿ ಅವಳನ್ನು ಹಿಡಿದು ಬೈದರು. ಗಂಡಸಿನ ಕೆಲಸವನ್ನು ಹಂಗಿಸುವ ನಾಲಗೆಯನ್ನು ತವರಿನಿಂದ ತಂದೆಯಾ ಎಂದರು, ಕ್ಯಾಂಪಿನವರಿಗೆ ಬೇಯಿಸಿ ಹಾಕುವ ಹೆಂಗಸು ನಮ್ಮ ಕುಟುಂಬದಲ್ಲಿ ಇದುವರೆಗೆ ಹುಟ್ಟಿರಲಿಲ್ಲ ಎಂದರು. ಶಾಹಿನಾ ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣೀರಿಗೆ ಬೇರೆ ಕಾರಣ ಹೇಳುವ ಅಗತ್ಯ ಬೀಳಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆ ಎರಡು ಪಾಲಾಯಿತು. ನಫೀಸಾ ಗಂಡನಿಗೆಂದು ಬೇರೆ ಒಲೆಯಲ್ಲಿ ಗಂಜಿ ಇಟ್ಟರು. ಶಾಹಿನಾ ಒಗೆದು ಹಾಕಿದ ಮಾವನ ಲುಂಗಿ ಸಂಜೆಯವರೆಗೂ ಹಗ್ಗದಲ್ಲೇ ಉಳಿಯುತ್ತಿತ್ತು, ಅತ್ತೆ ಅದನ್ನು ಇನ್ನೊಮ್ಮೆ ಒಗೆಯುತ್ತಿದ್ದರು. ಮುಸ್ತಫಾ ಅಂಗಡಿಯಿಂದ ಬಂದವನು ಯಾವ ಒಲೆಯ ಊಟ ಉಣ್ಣಬೇಕೆಂದು ತಿಳಿಯದೆ ಎರಡೂ ಕಡೆ ಸ್ವಲ್ಪ ಸ್ವಲ್ಪ ಉಂಡು ಹೊಟ್ಟೆ ಕೆಡಿಸಿಕೊಂಡ. ಅವನ ಮೇಲೆ ಶಾಹಿನಾಳಿಗೆ ಮಾವನ ಮೇಲಿನದಕ್ಕಿಂತ ಹೆಚ್ಚು ಸಿಟ್ಟಿತ್ತು. ಮಾವ ವಿರೋಧವನ್ನಾದರೂ ಬಾಯಿ ಬಿಟ್ಟು ಹೇಳುತ್ತಿದ್ದರು.

ಗಾಳಿ ತಿರುಗಿಸಿದ್ದು ನಹ್ಲಾ. ಒಂದು ಸಂಜೆ ಕಫೀಲನ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುವ ಅಬೂಬಕರ್ ಬಂದು ಜಗಲಿಯಲ್ಲಿ ಮೊಯ್ದಿನಾಕರ ಜತೆ ಚಹಾ ಕುಡಿದು ಹೋಗಿದ್ದ. ಎಲ್ಲರೂ ಊಟಕ್ಕೆ ಕೂತಾಗ ನಹ್ಲಾ ಅಕ್ಕಿರೊಟ್ಟಿ ಜಗಿಯುತ್ತಾ, "ನಾವು ಯಾವಾಗ ಹೋಗುದು? ಅಜ್ಜ ಅಬೂಬಕರ್ ಅಂಕಲ್‌ಗೆ ತ್ರೀ ಟಿಕೆಟ್ ಅಂತ ಹೇಳಿದ್ರು" ಅಂದಳು.

ನಫೀಸಾ ಗಂಡನಿಗೆ ಮೀನು ಬಡಿಸುತ್ತಿದ್ದವರು ಸೌಟು ಎತ್ತಿ ಹಿಡಿದೇ ಕೇಳಿದರು:

"ಮೂರನೆಯದ್ದು ಯಾರಿಗೆ?"

"ಮಗು, ಸೊಸೆ ಇಬ್ಬರನ್ನೇ ಕಳಿಸ್ಲಿಕ್ಕೆ ಆಗ್ತದಾ? ಊರಿನ ಮನೆಯಲ್ಲಿ ದೊಡ್ಡವರು ಒಬ್ಬರು ಬೇಡ್ವಾ?" ಎಂದರು ಮೊಯ್ದಿನಾಕ, ನಹ್ಲಾಳನ್ನೇ ನೋಡುತ್ತಾ.

"ನನ್ನನ್ನು ಕೇಳಿದ್ದು ಯಾವಾಗ?"

ನಫೀಸಾ ಸೌಟಿನಲ್ಲಿದ್ದ ಮೀನಿನ ತುಂಡನ್ನು ಗಂಡನ ತಟ್ಟೆಗೆ ಹಾಕದೆ ಪಾತ್ರೆಗೇ ಮರಳಿಸಿದರು. ಮರುದಿನ ಬೆಳಿಗ್ಗೆ ಚಹಾ ಕೊಡುವಾಗ ಮಗನಿಗೆ ಒಂದೇ ಮಾತು ಹೇಳಿದರು, ಶುಕ್ರವಾರ ಅದನ್ನು ಇಳಿಸು. ಶಾಹಿನಾ ಕೃತಜ್ಞತೆಯಿಂದ ಏನೋ ಹೇಳಲು ಬಾಯಿ ತೆರೆದಾಗ ಅತ್ತೆ ಅವಳನ್ನು ಅಲ್ಲೇ ತಡೆದರು.

"ನಿನಗಾಗಿ ಅಲ್ಲ. ನಿನ್ನ ನಾಲಗೆ ನನಗೆ ಇವತ್ತಿಗೂ ಕಂಡ್ರಾಗುದಿಲ್ಲ."

ಹೆಂಡತಿ ಮಗ ಇಬ್ಬರೂ ಒಂದಾದ ಮೇಲೆ ಮೊಯ್ದಿನಾಕ ತಡೆಯಲಿಲ್ಲ, ಒಪ್ಪಲೂ ಇಲ್ಲ. ಶುಕ್ರವಾರ ಬೆಳಿಗ್ಗೆ ಅಬೂಬಕರ್ ಬಂದ, ಹಿಂದಿನ ಕ್ವಾರ್ಟರ್ಸಿನ ವೆಲ್ಡರ್ ತನಿಯ ಬಂದ. ಮುಸ್ತಫಾ ಹಳೇ ಪ್ಯಾಂಟ್ ಹಾಕಿಕೊಂಡು ಬಾಡಿ ಹತ್ತಿದ. ಬಾಡಿಯ ತಳಕ್ಕೆ ಬೋಲ್ಟ್ ಹಾಕಿದ್ದ ಎರಡು ಕಬ್ಬಿಣದ ಪಟ್ಟಿಗಳಿಗೆ ಹಿಚ್‌ನ ಪಾದಗಳನ್ನು ನಾಲ್ಕು ಪಿನ್ನುಗಳು ಹಿಡಿದಿದ್ದವು. ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಸಮುದ್ರದ ಗಾಳಿಗೆ ತುಕ್ಕು ಹಿಡಿದು ಪಟ್ಟಾಗಿ ಕೂತಿತ್ತು. ಡೀಸೆಲ್ ಹೊಯ್ದು ಕಾದರು, ಮುಸ್ತಫಾ ಸುತ್ತಿಗೆಯಿಂದ ಹೊಡೆದ.

"ಮೆಲ್ಲ ಹೊಡಿ. ಎಂಟು ವರ್ಷ ನಿನಗೆ ಅನ್ನ ಹಾಕಿದ ಕಬ್ಬಿಣ ಅದು," ಎಂದರು ಕೆಳಗೆ ನಿಂತಿದ್ದ ತಂದೆ.

"ಅನ್ನ ಹಾಕಿದ್ದು ನನ್ನ ಸಂಬಳ ಕೂಡ ಉಪ್ಪ," ಎಂದ ಮುಸ್ತಫಾ. ಅವನ ಬಾಯಿಂದ ಅಂಥ ಮಾತು ಬಂದದ್ದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಶಾಹಿನಾಳಿಗೂ ಕೇಳಿತು. ಅವಳಿಗೆ ಆ ತಿಂಗಳಲ್ಲಿ ಮೊದಲ ಸಲ ಗಂಡನ ಮೇಲೆ ಪ್ರೀತಿ ಉಕ್ಕಿತು.

ಆ ಪಿನ್ನೂ ಹೊರಬಂದ ಮೇಲೆ, ಇಡಿಯಾಗಿ ಎತ್ತುವುದು ಕಷ್ಟ, ಮೇಲಿನ ತಲೆಯನ್ನೂ ಕಾಲುಗಳನ್ನೂ ಬೇರೆ ಮಾಡಿದರೆ ಇಬ್ಬರಿಗೇ ಸಾಕು ಎಂದ ತನಿಯ. ಮೊಯ್ದಿನಾಕ ಖಡಾಖಂಡಿತ ಬೇಡವೆಂದರು. ಒಮ್ಮೆ ಬಿಚ್ಚಿದರೆ ಅದು ಮತ್ತೆ ಮೊದಲಿನ ಹಾಗೆ ಕೂರುವುದಿಲ್ಲ, ಟ್ರೇಲರ್ ಎಳೆಯುವಾಗ ಲಟಪಟ ಅನ್ನುತ್ತದೆ. ಕೊನೆಗೆ ನಡುವೆ ಪೈಪು ತೂರಿಸಿ, ಹಲಗೆಯ ಮೇಲೆ ಜಾರಿಸಿ, ನಾಲ್ಕು ಜನ ಏದುಸಿರು ಬಿಡುತ್ತಾ ಅದನ್ನು ಇಳಿಸಿದರು.

ಇನ್ನು ಇಡುವುದೆಲ್ಲಿ? ಅಲ್ ವುಕೈರಿನ ಆ ಹಳೇ ಅರಬಿ ಮನೆಯ ಅಂಗಳ ತುಂಬ ಮರಳು. ಗ್ರೀಸ್ ಇರುವ ದವಡೆಗೆ ಮರಳು ಹೋದರೆ ಹಿಚ್ ಹಾಳು. ಒಳಗೆ ಜಾಗವಿಲ್ಲ. ಅಂಗಳದ ಮೂಲೆಯಲ್ಲಿ ನೆಲದಡಿಯ ನೀರಿನ ಟಾಂಕಿಯ ಸಿಮೆಂಟು ಕಟ್ಟೆಯೊಂದೇ ಎತ್ತರವಾಗಿ, ಚೊಕ್ಕವಾಗಿ, ನೆರಳಿನಲ್ಲಿತ್ತು. ನಾಲ್ವರೂ ಸೇರಿ ಅದನ್ನು ಅದರ ಮೇಲೆ ಕೂರಿಸಿದರು, ಟಾರ್ಪಾಲು ಹೊದಿಸಿದರು, ಕೈ ತೊಳೆದು ಚಹಾ ಕುಡಿದರು. ಹಿಚ್‌ನ ಎರಡು ಕಾಲುಗಳು ಟಾಂಕಿಯ ತಗಡಿನ ಮುಚ್ಚಳದ ಮೇಲೆಯೇ ಕೂತಿವೆಯೆಂದು ನಾಲ್ವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಆ ಮುಚ್ಚಳ ಎತ್ತಿ, ಟ್ಯಾಂಕರಿನವನಿಗೆ ಕಾದು ನಿಂತು, ನೀರು ತುಂಬಿಸಿಕೊಂಡು ಅಭ್ಯಾಸವಿದ್ದದ್ದು ಹೆಂಗಸರಿಗೆ. ಹಿಚ್ ಇಳಿಯಿತಲ್ಲ ಎಂಬ ಸಂತೋಷದಲ್ಲಿ ಶಾಹಿನಾ ಕೂಡ ನೋಡಿಯೂ ನೋಡದ ಹಾಗಾದಳು, ಅದನ್ನೂ ಹೇಳಬೇಕು.

ನೀರಿನ ಟ್ಯಾಂಕರ್ ವಾರಕ್ಕೆ ಎರಡು ಸಲ ಬರುತ್ತಿತ್ತು, ಮಂಗಳವಾರ ಮತ್ತು ಶನಿವಾರ. ಹಿಚ್ ಇಳಿಸಿದ ಮರುದಿನದ, ಅಂದರೆ ಶನಿವಾರದ ನೀರನ್ನು ಟ್ಯಾಂಕರಿನವನು ಆ ಸಲ ಗುರುವಾರವೇ ತುಂಬಿಸಿ ಹೋಗಿದ್ದ. ಆ ಮಂಗಳವಾರ ಅತ್ತೆ ಸೊಸೆ ಇಬ್ಬರೂ ಮುಸ್ತಫಾನ ಜತೆ ಪಾತ್ರೆ ಕೊಳ್ಳಲು ವಕ್ರಾ ಪೇಟೆಗೆ ಹೋಗಿದ್ದರು. ಒಬ್ಬರ ಮುಖ ಒಬ್ಬರು ನೋಡದೆ ಕೊಂಡದ್ದರಿಂದ ಒಂದೇ ಅಳತೆಯ ಸೌಟು ಎರಡು ಬಂದವು.

ಶನಿವಾರ ನಸುಕಿನ ಸುಬಹಿ ನಮಾಜಿನ ಹೊತ್ತಿಗೇ ಶಾಹಿನಾ ಒಲೆ ಹಚ್ಚಿದಳು. ಮಸಾಲೆ ಅರೆದಾಯಿತು, ಮೀನು ಶುಚಿ ಮಾಡಿಯಾಯಿತು. ಮೊಯ್ದಿನಾಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಬೂಬಕರನ ಕಾರಿನಲ್ಲಿ ದೋಹಾಕ್ಕೆ ಹೋದರು. ತಮ್ಮ ವೀಸಾ ರಿನ್ಯೂವಲ್ ವಿಷಯಕ್ಕೆ ಕಫೀಲನನ್ನು ಕಾಣಲಿಕ್ಕುಂಟು ಎಂದು ನಹ್ಲಾಳಿಗೆ ಹೇಳಿದರು. ನಹ್ಲಾ ಶಾಲೆಯ ಬಸ್ಸು ಹತ್ತಿದಳು. ಅಕ್ಕಿ ತೊಳೆಯಲು ನಲ್ಲಿ ತಿರುಗಿಸಿದಾಗ ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪಂಪು ಹಾಕಿದರೆ ಒಣ ಗರಗರ. ಟಾಂಕಿ ಖಾಲಿ.

ಮಂಗಳವಾರ ಟ್ಯಾಂಕರ್ ಬರಲಿಲ್ಲವೇ? ಶಾಹಿನಾ ಅತ್ತೆಯನ್ನು ಕೇಳಿದಳು, ಅತ್ತೆಗೆ ಗೊತ್ತಿರಲಿಲ್ಲ. ಅದಕ್ಕೆ ಜವಾಬು ಕೊಟ್ಟವನು ಎಂಟೂ ಕಾಲಿಗೆ ಬಂದ ಟ್ಯಾಂಕರಿನ ಪಠಾಣ. ಗೇಟಿನಲ್ಲಿ ಇಳಿದವನೇ ಟಾರ್ಪಾಲಿನ ಕಡೆ ಕೈ ತೋರಿಸಿ ರೇಗಿದ. ಅವತ್ತೂ ಇದು ಹೀಗೇ ಮುಚ್ಚಳದ ಮೇಲಿತ್ತು, ಸರಿಸು ಎಂದರೆ ಮುದುಕರು ಸರಿಸಲಿಲ್ಲ, ಖಲಾಸ್, ಸಾಕು, ನೀರು ಇದೆ, ಹೋಗು ಎಂದು ಕೈಬೀಸಿ ಕಳಿಸಿದರು. ಇವತ್ತು ತನಗೆ ಇನ್ನೂ ಆರು ಮನೆ ಬಾಕಿ. ಹತ್ತು ನಿಮಿಷ ಕಾಯುತ್ತೇನೆ, ಆಮೇಲೆ ಮಂಗಳವಾರವೇ.

ಶಾಹಿನಾಳ ಮೈ ಉರಿದುಹೋಯಿತು. ನಾಲ್ಕು ದಿನದಿಂದ ಗೊತ್ತಿದ್ದೂ ಆ ಮನುಷ್ಯ ಬಾಯಿ ಬಿಟ್ಟಿರಲಿಲ್ಲ. ನಹ್ಲಾಳ ಮೂಲಕವಾದರೂ ಹೇಳಬಹುದಿತ್ತು. ತನಿಯ ಕೆಲಸಕ್ಕೆ ಹೋಗಿದ್ದ, ಮುಸ್ತಫಾ ಅಂಗಡಿಯಲ್ಲಿದ್ದ, ಪಠಾಣನಿಗೆ ಸೊಂಟನೋವು. ಅವಳು ಟಾರ್ಪಾಲು ಕಿತ್ತೆಸೆದು ಹಿಚ್‌ನ ಕಾಲಿಗೆ ಕೈಕೊಟ್ಟು ಎಳೆದಳು. ಕಬ್ಬಿಣ ಮಿಸುಕಲಿಲ್ಲ. ನಲವತ್ತು ಜನರ ಊಟ, ಮನೆ, ಗಂಡನ ಬೆನ್ನು ಹತ್ತಿ ಕೂರುವ ಮಗು, ಎಲ್ಲ ಆ ಮುಚ್ಚಳದ ಕೆಳಗೆ ಸಿಕ್ಕಿಕೊಂಡಿತ್ತು. ಅವಳಿಗೆ ಅಳು ಬಂತು, ಸಿಟ್ಟಿನ ಅಳು.

"ಹಾಗೆ ಎಳೆದ್ರೆ ನಿನ್ನ ಸೊಂಟ ಹೋಗ್ತದೆ. ಸರಿ ಆಚೆ," ಎಂಬ ಮಾತು ಹಿಂದಿನಿಂದ ಬಂತು.

ನಫೀಸಾ ನಿಂತಿದ್ದರು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಡೀಸೆಲಿನ ಬಾಟ್ಲಿ, ತೋಳು ಮೊಣಕೈವರೆಗೆ ಮಡಚಿದ್ದರು. ಹಿಚ್‌ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗ್ರೀಸಿನಲ್ಲಿ ಬೆರಳಾಡಿಸಿ ಒಂದು ಸಣ್ಣ ಕ್ಲಿಪ್ಪು ಹುಡುಕಿದರು.

"ಈ ಕ್ಲಿಪ್ಪು ಮೊದಲು. ಈಗ ಪಿನ್ನು ನಿನ್ನ ಕಡೆಗೆ ಎಳಿ. ತಿರುಗಿಸಿ ಎಳಿ ಮಾರಾಯ್ತಿ, ಹಲ್ಲು ಕೀಳುವ ಹಾಗೆ ಎಳೀಬೇಡ."

"ಬಿಚ್ಚಿದ್ರೆ ಹಾಳಾಗ್ತದೆ ಅಂತ ಮಾಮ ಹೇಳಿದ್ದು..."

"ಗಾಡಿಗೆ ಕೂರಿಸುವ ದಿವಸ ಇದು ನಾಲ್ಕು ತುಂಡಾಗಿ ಪೆಟ್ಟಿಗೆಯಲ್ಲಿ ಬಂದದ್ದು. ಆ ಪಿನ್ನು ಹಿಡ್ಕೊಂಡು ಬಿಸಿಲಲ್ಲಿ ನಿಂತದ್ದು ಯಾರು ಅಂತ ನೆನೆಸಿದ್ದಿ? ಆಮೇಲೆ ಎಂಟು ವರ್ಷ ಶುಕ್ರವಾರ ಶುಕ್ರವಾರ ಗ್ರೀಸಿನ ಡಬ್ಬಿ ಹಿಡಿದದ್ದು ಯಾರು?"

ಎರಡು ಪಿನ್ನು ಬಂದ ಮೇಲೆ ದವಡೆಯಿದ್ದ ತಲೆ ಸಡಿಲವಾಯಿತು. ಇಬ್ಬರೂ ಸೇರಿ ಅದನ್ನು ಗೋಣಿಯ ಮೇಲೆ ಉರುಳಿಸಿ ಎಳೆದರು. ಆಮೇಲೆ ಅಡ್ಡಪಟ್ಟಿ, ಆಮೇಲೆ ಒಂದೊಂದೇ ಕಾಲು. ನೂರು ಕಿಲೋದ ಕಬ್ಬಿಣ ಇಬ್ಬರು ಹೆಂಗಸರು ಹೊರಬಲ್ಲ ನಾಲ್ಕು ತುಂಡಾಯಿತು. ಇಬ್ಬರ ಮೈಯೂ ಕಪ್ಪು, ಮುಖವೂ ಕಪ್ಪು. ಪಠಾಣ ಗೇಟಿನಲ್ಲಿ ಕೂತು ಬೀಡಿ ಸೇದುವುದನ್ನೂ ಮರೆತು ನೋಡಿದ, ಹತ್ತು ನಿಮಿಷ ಇಪ್ಪತ್ತಾದರೂ ಹೊರಡಲಿಲ್ಲ. ಮುಚ್ಚಳ ಎತ್ತಿದರು, ಪೈಪು ಇಳಿಯಿತು, ನೀರು ಬಿತ್ತು.

ತುಂಡುಗಳನ್ನು ಎಲ್ಲಿಡುವುದೆಂದು ಶಾಹಿನಾ ಕೇಳಿದಳು. ಹೊರಗಿಟ್ಟರೆ ಮರಳು ಹೋಗಿ ಹಾಳಾಯಿತೆಂದು ಇನ್ನೊಂದು ರಾಮಾಯಣ ಬೇಡ ಎಂದರು ನಫೀಸಾ. ಒಂದೊಂದನ್ನೂ ಒರೆಸಿ, ಗಂಡನ ಹಳೇ ಲುಂಗಿಗಳಲ್ಲಿ ಸುತ್ತಿ, ಗಂಡನ ಮಂಚದ ಕೆಳಗೇ ತಳ್ಳಿದರು. ಹಿಚ್‌ನ ತಲೆಯದು ಎರಡು, ಶುಕ್ರವಾರ ಪಾದದಿಂದ ತೆಗೆದಿಟ್ಟಿದ್ದ ನಾಲ್ಕು, ಒಟ್ಟು ಆರು ಪಿನ್ನುಗಳು ಮಾತ್ರ ಅವರ ಕೈಯಲ್ಲಿ ಉಳಿದವು. ಒಂದು ಗಳಿಗೆ ನೋಡಿ ಅವನ್ನು ಸೊಸೆಯ ಕೈಗೆ ಹಾಕಿದರು.

"ನೀನು ಇಟ್ಕೋ. ನನ್ನ ಹತ್ರ ಇದ್ರೆ ಅವರು ಎರಡು ಸಲ ಕೇಳುವಾಗ ನಾನು ಕೊಟ್ಟು ಬಿಡ್ತೇನೆ."

ಅಡುಗೆ ಹೇಗೋ ಮುಗಿಯಿತು. ಆದರೆ ಮುಸ್ತಫಾ ತಡವಾಗಿ ಬಂದ. ಅರ್ಧ ಗಂಟೆ ಮೊದಲೇ ಬಿಡುತ್ತೇನೆಂದಿದ್ದ ಅಂಗಡಿಯ ಮುದೀರ್, ಅಂದರೆ ಮ್ಯಾನೇಜರ್, ಮೊದಲ ದಿನವೇ ಮಾತು ಬದಲಿಸಿದ್ದ, ಹನ್ನೆರಡರ ಗಂಟೆ ಹೊಡೆಯದೆ ಯಾರೂ ಹೊರಡಬಾರದು. ಅವಸರದಲ್ಲಿ ಹೋಗುವಾಗ ರೌಂಡಬೌಟಿನಲ್ಲಿ ಪಾತ್ರೆ ಜಾರಿ ಕಾಲು ಭಾಗ ಸಾರು ಬಾಡಿಯ ಪಾಲಾಯಿತು. ಕ್ಯಾಂಪಿಗೆ ಮುಟ್ಟುವಾಗ ಒಂದು ಗಂಟೆ ಹತ್ತು. ಥಿಯೋಡೋರ್ ರುಚಿಯನ್ನು ಹೊಗಳಿದರು, ಗಡಿಯಾರವನ್ನೂ ತೋರಿಸಿದರು. ಜನರು ಹನ್ನೆರಡೂ ಮುಕ್ಕಾಲಿಗೆ ಕೈ ತೊಳೆದು ಕೂರುತ್ತಾರೆ, ನಾಳೆಯೂ ಹೀಗಾದರೆ ತನ್ನಿಂದ ಆಗದು. ಮುಸ್ತಫಾ ಮರಳಿ ಬಂದು ಇದಿಷ್ಟನ್ನು ಹೇಳಿ, ಎರಡು ತುತ್ತು ಉಂಡು, ನಾಲ್ಕು ಗಂಟೆಯ ಪಾಳಿಗೆ ಓಡಿದ. ಹನ್ನೆರಡಕ್ಕೆ ಅಂಗಡಿ ಬಿಡುವವನು ಹನ್ನೆರಡೂ ಮುಕ್ಕಾಲಿಗೆ ಮೆಸಯೀದ್ ತಲುಪಲಾರ. ಇದಕ್ಕೆ ಶಾಹಿನಾಳ ಹತ್ತಿರ ಉಪಾಯವಿರಲಿಲ್ಲ.

ಅಷ್ಟರಲ್ಲಿ ಮೊಯ್ದಿನಾಕ ಬಂದರು. ಅಬೂಬಕರ್ ಒಳಗೆ ಬಾರದೆ ಗೇಟಿನಿಂದಲೇ ಕಾರು ತಿರುಗಿಸಿದ. ಮೊಯ್ದಿನಾಕ ಅಂಗಳದ ನಡುವೆ ನಿಂತು ಬರಿದಾದ ಕಟ್ಟೆಯನ್ನು ನೋಡಿದರು, ಮರಳಿನ ಮೇಲೆ ಗೋಣಿ ಎಳೆದ ಗುರುತನ್ನು ನೋಡಿದರು. ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದರು:

"ನಿಮ್ಮ ಮಂಚದ ಅಡಿಯಲ್ಲುಂಟು."

ಅವರು ಒಳಗೆ ಹೋದರು. ಲುಂಗಿಗಳನ್ನು ಬಿಚ್ಚುವ ಸದ್ದು, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಕೇಳಿತು. ಹೊರಗೆ ಬಂದಾಗ ಅವರ ಕೈ ಗ್ರೀಸಾಗಿತ್ತು, 'ಯಾರನ್ನು ಕೇಳಿ ಬಿಚ್ಚಿದ್ದು' ಎಂದು ಹೆಂಡತಿಯ ಮೇಲೆ ಕೂಗಾಡಿದರು. ಮುಚ್ಚಳದ ಮೇಲೆ ಕಬ್ಬಿಣ ಇಟ್ಟು ನೀರಿನವನನ್ನು ಅಟ್ಟಿದ್ದು ಯಾರನ್ನು ಕೇಳಿ ಎಂದು ಹೆಂಡತಿ ಅದಕ್ಕೂ ಮೇಲೆ ಕೂಗಿದರು. ಆ ಮನೆಯಲ್ಲಿ ನಫೀಸಾ ಗಂಡನಿಗೆ ಎದುರು ಕೂಗಿದ್ದು ಅದೇ ಮೊದಲು. ಮೊಯ್ದಿನಾಕ ತಬ್ಬಿಬ್ಬಾಗಿ ಮೊಮ್ಮಗಳ ಕಡೆ ತಿರುಗಿದರು.

"ನಹ್ಲಾ, ನಿನ್ನ ಉಮ್ಮನಿಗೆ ಹೇಳು, ಪಿನ್ನು ಕೊಡ್ಲಿಕ್ಕೆ."

ಶಾಹಿನಾ ಪಾತ್ರೆ ಉಜ್ಜುತ್ತಿದ್ದಲ್ಲಿಂದ ಏಳಲಿಲ್ಲ. "ನಹ್ಲಾ, ನಿನ್ನ ಅಜ್ಜನಿಗೆ ಹೇಳು, ಟ್ರೇಲರ್ ಬಂದ ದಿವಸ ಸಿಗ್ತದೆ ಅಂತ."

ನಹ್ಲಾ ಇಬ್ಬರ ಮುಖವನ್ನೂ ನೋಡಿ ಪುಸ್ತಕ ಎತ್ತಿಕೊಂಡಳು. "ನೀವೇ ಹೇಳಿ. ನನಗೆ ಹೋಮ್‌ವರ್ಕ್ ಉಂಟು," ಎಂದು ಕೋಣೆಗೆ ಹೋದಳು.

ನಡುವೆ ಯಾರೂ ಉಳಿಯಲಿಲ್ಲ. ಮೊಯ್ದಿನಾಕ ಕಟ್ಟೆಯ ಮೇಲೆ ಕೂತರು, ಬೆಳಿಗ್ಗೆ ಕಬ್ಬಿಣವಿದ್ದ ಜಾಗದಲ್ಲೇ.

"ಟ್ರೇಲರ್ ಬರುದಿಲ್ಲ. ಜುಲೈಯಲ್ಲೇ ಮಾರಿದ್ರು," ಎಂದರು.

ಶಾಹಿನಾಳ ಕೈ ನಿಂತಿತು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನನ್ನು, ಮಗುವನ್ನು, ಮಾಮಿಯನ್ನು ಕಳಿಸ್ಲಿಕ್ಕೆ ಹೊರಟದ್ದಾ? ಮೂರು ಟಿಕೆಟ್ ಅಂತ ಹೇಳಿದ್ದಲ್ವಾ ನೀವು? ಈಗ ಎಷ್ಟು?"

"ಒಂದು," ಎಂದರು ಮೊಯ್ದಿನಾಕ. "ನನ್ನದು. ವೀಸಾದಲ್ಲಿ ಟ್ರೇಲರ್ ಡ್ರೈವರ್ ಅಂತ ಉಂಟು. ಟ್ರೇಲರ್ ಇಲ್ಲದ ಮೇಲೆ ನಾನು ಎಂತಕ್ಕೆ ಅಂತ ಕಫೀಲ್ ಕೇಳ್ತಾನೆ. ನನ್ನ ಮನೆಗೆ ನಾನು ಬೇಕಾದವನು ಅಂತಾದ್ರೆ ವೀಸಾವನ್ನು ಮನೆ ಡ್ರೈವರ್ ಅಂತ ಬದಲಿಸಿ ಕೊಡುವನಂತೆ. ನಾನು ಹೇಳಿದೆ, ನನ್ನ ಮನೆಯಲ್ಲಿ ಡ್ರೈವರಿಗೆ ಕೆಲಸ ಇಲ್ಲ ಅಂತ."

ಶಾಹಿನಾಳಿಗೆ ಆಗ ಅರ್ಥವಾಯಿತು. ಊರಿಗೆ ಹೋಗಬೇಕಾದವರು ಯಾರು ಎಂಬ ಲೆಕ್ಕದಲ್ಲಿ ಈ ಮನುಷ್ಯ ತಮ್ಮ ಹೆಸರು ಬಾರದ ಹಾಗೆ ಎಲ್ಲರ ಹೆಸರನ್ನೂ ಮುಂದೆ ದೂಡಿದ್ದರು. ಹಿಚ್ ಗಾಡಿಯ ಮೇಲಿರುವವರೆಗೆ ಅವರು ಕೆಲಸವಿರುವ ಗಂಡಸು. ಅರ್ಥವಾದರೂ ಅವಳಿಗೆ ಕನಿಕರ ಬರಲಿಲ್ಲ. ಬೆಳಿಗ್ಗೆ ಒಣಗಿದ ನಲ್ಲಿ ಇನ್ನೂ ಕಣ್ಣ ಮುಂದಿತ್ತು. ಅವಳು ಕೈ ತೊಳೆದು ಎದ್ದು ನಿಂತಳು.

"ನಾಳೆ ಹನ್ನೆರಡು ಗಂಟೆಗೆ ಊಟ ಹೊರಡ್ಬೇಕು. ಅವರಿಗೆ ಅಂಗಡಿಯಿಂದ ಬಂದು ಮುಟ್ಟಿಸ್ಲಿಕ್ಕೆ ಆಗುದಿಲ್ಲ. ಡ್ರೈವರ್ ಬೇಕು."

"ನಾನು ಅನ್ನದ ಡ್ರೈವರ್ ಅಲ್ಲ."

"ಹಾಗಾದ್ರೆ ಟಿಕೆಟ್ ಒಂದೇ."

ನಫೀಸಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಆ ಸಂಜೆ ಬೇರೆ ಒಲೆ ಹೊತ್ತಲಿಲ್ಲ, ಕ್ಯಾಂಪಿಗೆ ಮಾಡಿ ಉಳಿದ ಅನ್ನ ಸಾರನ್ನೇ ಎಲ್ಲರಿಗೂ ಬಡಿಸಿದರು. ಮೊಯ್ದಿನಾಕ ಉಂಡರು. ಉಪ್ಪಿನ ಮಾತು ಎತ್ತಲಿಲ್ಲ.

ಮರುದಿನ ಹನ್ನೊಂದೂವರೆಗೆ ತನಿಯನ ಹೆಂಡತಿ ಪೂವಕ್ಕ ಬಂದು ಕೈ ಜೋಡಿಸಿ ಪಾತ್ರೆಗಳನ್ನು ಬಾಡಿಗೆ ಏರಿಸಿದಳು. ಶಾಹಿನಾ ಸೊಂಟಕ್ಕೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿ ಪಿನ್ನುಗಳನ್ನು ತೆಗೆದಳು. ಬಾಡಿಯ ತಳದ ಪಟ್ಟಿಗಳಲ್ಲಿ ಹಿಚ್‌ನ ಪಾದ ಕೂರುತ್ತಿದ್ದ ನಾಲ್ಕು ತೂತುಗಳಿಗೆ ನಾಲ್ಕು ಪಿನ್ನು ತೂರಿಸಿ, ಅವುಗಳಿಗೆ ಹಗ್ಗ ಬಿಗಿದು ಪಾತ್ರೆಗಳನ್ನು ಕಟ್ಟತೊಡಗಿದಳು. ಓಡಿಸುವವರು ಯಾರೆಂದು ಅವಳಿಗಿನ್ನೂ ಗೊತ್ತಿರಲಿಲ್ಲ. ತನಿಯನ ಗುರುತಿನ ಒಬ್ಬ ಟ್ಯಾಕ್ಸಿಯವನನ್ನು ಕರೆಸೋಣವೇ ಎಂದು ಪೂವಕ್ಕ ಕೇಳುತ್ತಿದ್ದಳು.

ಆಗ ಮುಂದಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಮೊಯ್ದಿನಾಕ ಸ್ಟೇರಿಂಗ್ ಹಿಡಿದು ಕೂತಿದ್ದರು. ರಾಸ್ ಲಫಾನಿನ ಗೇಟ್ ಪಾಸ್ ಕನ್ನಡಿಯಲ್ಲಿ ತೂಗುತ್ತಲೇ ಇತ್ತು. ಅವರು ಇಂಜಿನ್ ಚಾಲೂ ಮಾಡಿದರು, ಹಾರ್ನ್ ಒತ್ತಿದರು, ಕನ್ನಡಿಯಲ್ಲಿ ಹಿಂದೆ ನೋಡಿದರು. ನಹ್ಲಾ ಶಾಲೆಯಲ್ಲಿದ್ದಳು. ಸೊಸೆಗೆ ಹೇಳಿ ಕಳಿಸಲು ಅಂಗಳದಲ್ಲಿ ಮನೆಯವರು ಬೇರೆ ಯಾರೂ ಇರಲಿಲ್ಲ.

"ಶಾಹಿನಾ, ಎಂತ ಕಟ್ಟುದು ಅದು? ಆ ಗಂಟು ಮೊದಲ ತಿರುವಿನಲ್ಲೇ ಬಿಚ್ತದೆ," ಎಂದು ಗದರಿದರು.

"ಬಿಚ್ತದೆ ಅಂತಾದ್ರೆ ಇಳಿದು ಬಂದು ಕಟ್ಟಿ," ಎಂದಳು ಅವಳು, ಹಗ್ಗದ ತುದಿಯನ್ನು ಅವರ ಕಡೆಗೆ ಎಸೆದು.

ಮೊಯ್ದಿನಾಕ ಇಂಜಿನ್ ಆರಿಸದೆಯೇ ಇಳಿದರು.